ತಾಲೀಮು, ಕುಂಗ್ ಫೂ ಮತ್ತು ಚಿಂಚೋಳಿ ಸೀಮೆಯ ಉಸ್ತಾದರು

ಚಿಂಚೋಳಿ, ಸೇಡಂ, ಚಿತ್ತಾಪುರ ಕಡೆಯ ಊರುಗಳಲ್ಲಿ "ಹುಡುಗ ತಾಲೀಮಿಗಿ ಹೋಗ್ಯಾನ" ಎಂದರೆ ಅವನು ಕುಸ್ತಿಯ ಮಣ್ಣಿಗೆ ಇಳಿದಿದ್ದಾನೆ ಎಂದು ಅರ್ಥ. ಅದೇ ಮಾತನ್ನು ಬೆಂಗಳೂರಿನ ರಂಗತಂಡದವರೆದುರು ಆಡಿದರೆ ನಾಟಕದ ಅಭ್ಯಾಸಕ್ಕೆ ಹೋಗಿದ್ದಾನೆಂದು ತಿಳಿಯುತ್ತಾರೆ. ಹೈದರಾಬಾದಿನ ಉರ್ದು ಮನೆಯಲ್ಲಿ ಆಡಿದರೆ ಹುಡುಗ ಓದಲು ಹೋಗಿದ್ದಾನೆ ಎಂದಾಗುತ್ತದೆ. ಪದ ಒಂದೇ. ಅದರ ಮೂಲ ಅರಬಿಯ 'ತಅಲೀಮ್'. 'ಇಲ್ಮ್' ಅಂದರೆ ಅರಿವು, 'ಆಲಿಮ್' ಅಂದರೆ ಅರಿತವನು, 'ಮುಅಲ್ಲಿಮ್' ಅಂದರೆ ಕಲಿಸುವವನು. 'ತಅಲೀಮ್' ಇದೇ ಬಳಗಕ್ಕೆ ಸೇರಿದ್ದು, ಕಲಿಸುವ ಕೆಲಸ. ಇಂಥ ಪದವೊಂದು ನಮ್ಮ ಸೀಮೆಗೆ ಬಂದು ಲಂಗೋಟಿ ಕಟ್ಟಿಕೊಂಡು ಅಖಾಡಕ್ಕೆ ಇಳಿದದ್ದು ಹೇಗೆ?

ಈ ಪ್ರಶ್ನೆಯ ಬೆನ್ನು ಹತ್ತಿದರೆ ನೆರವಿಗೆ ಬರುವುದು ದೂರದ ಚೀನೀ ಭಾಷೆಯ ಒಂದು ಪದ. ನಮ್ಮಲ್ಲಿ ಹಳ್ಳಿಯ ಮಕ್ಕಳಿಗೂ ಅದು ಗೊತ್ತು. ಆದರೆ ಅದರ ನಿಜವಾದ ಅರ್ಥ ಪಟ್ಟಣದ ಓದಿದವರಿಗೂ ಗೊತ್ತಿರುವುದು ಅಪರೂಪ. ಆ ಪದ 'ಕುಂಗ್ ಫೂ'.

ಚೀನೀಯರು ಅದನ್ನು ಗೊಂಗ್ ಫು ಎನ್ನುತ್ತಾರೆ. ಎರಡು ಅಕ್ಷರಗಳ ಪದ. 'ಗೊಂಗ್' ಅಂದರೆ ದುಡಿಮೆ, ದುಡಿಮೆಯಿಂದ ಬಂದ ಫಲ, ಸಾಧನೆ. 'ಫು' ಅಂದರೆ ಆಳು, ಮನುಷ್ಯ. ಇಲ್ಲಿ ಅದು ಬಹುಮಟ್ಟಿಗೆ ಬಾಲದಂತೆ ಸೇರಿಕೊಂಡಿದೆ. ಎರಡೂ ಸೇರಿ, ದೀರ್ಘಕಾಲ ಬೆವರು ಸುರಿಸಿ ಗಳಿಸಿದ ಪಳಗಿದ ಕೈ ಎಂಬ ಅರ್ಥ ಬರುತ್ತದೆ. ಇದರಲ್ಲಿ ಗುದ್ದಾಟದ ಸುಳಿವೇ ಇಲ್ಲ. ಒಳ್ಳೆಯ ಅಡುಗೆಯವನಿಗೆ ಗೊಂಗ್ ಫು ಇದೆ, ಸುಂದರವಾಗಿ ಬರೆಯುವ ಲಿಪಿಕಾರನಿಗೆ ಇದೆ, ಮರಗೆಲಸದವನಿಗೂ ಇದೆ. ಫುಜಿಯೆನ್ ಮತ್ತು ಗ್ವಾಂಗ್‌ಡೊಂಗ್ ಪ್ರಾಂತಗಳಲ್ಲಿ ಸಣ್ಣ ಮಣ್ಣಿನ ಕುಡಿಕೆಯಲ್ಲಿ ಎಲೆ ಹಾಕಿ, ಬಿಸಿನೀರು ಸುರಿದು, ಚೆಲ್ಲಿ, ಮತ್ತೆ ಸುರಿದು, ಬೆರಳುದ್ದದ ಬಟ್ಟಲುಗಳಲ್ಲಿ ಚಹಾ ಕೊಡುವ ಪದ್ಧತಿಯೊಂದಿದೆ. ಅದರ ಹೆಸರು 'ಗೊಂಗ್ ಫು ಚಾ'. ಅದನ್ನು ಕುಡಿದವರು ಯಾರ ಮೇಲೂ ಕೈಯೆತ್ತುವುದಿಲ್ಲ! ದಿನನಿತ್ಯದ ಮಾತಿನಲ್ಲಿ ಈ ಪದಕ್ಕೆ 'ಸಮಯ', 'ಪುರಸೊತ್ತು' ಎಂಬ ಅರ್ಥವೂ ಇದೆ. ಗೊಂಗ್ ಫು ಇಲ್ಲ ಎಂದರೆ ಪುರಸೊತ್ತಿಲ್ಲ ಎಂದರ್ಥ. ಹೊತ್ತು ಕೊಡದೆ ಕೈ ಪಳಗುವುದಿಲ್ಲವಾದ್ದರಿಂದ ಹೊತ್ತಿಗೂ ಪಳಗುವಿಕೆಗೂ ಚೀನೀ ಭಾಷೆ ಒಂದೇ ಹೆಸರಿಟ್ಟಿದೆ.

12ನೇ ಶತಮಾನದಲ್ಲಿ ಬದುಕಿದ್ದ ಚೀನೀ ದಾರ್ಶನಿಕ ಝೂ ಷಿ (1130-1200) ಈ ಪದವನ್ನು ಮನಸ್ಸನ್ನು ತಿದ್ದಿಕೊಳ್ಳುವ ನಿತ್ಯದ ಪ್ರಯತ್ನಕ್ಕೆ ಬಳಸಿದ. ಪುಸ್ತಕ ಓದುವುದು, ಸುಮ್ಮನೆ ಕುಳಿತು ತನ್ನನ್ನು ತಾನು ನೋಡಿಕೊಳ್ಳುವುದು, ನಡತೆಯನ್ನು ದಿನದಿನವೂ ಒರೆಗೆ ಹಚ್ಚುವುದು, ಇವೆಲ್ಲ ಅವನ ಪಾಲಿಗೆ ಗೊಂಗ್ ಫು. ಓದುಗರಿಗೆ ಇಲ್ಲಿ ಸೂಫಿಗಳ 'ರಿಯಾಜತ್' ನೆನಪಾದರೆ ಆಶ್ಚರ್ಯವಿಲ್ಲ. ಅರಬಿಯ 'ರಿಯಾಳಾ' ಎಂಬ ಮೂಲಪದ ಇಂದಿನ ಅರಬ್ ದೇಶಗಳಲ್ಲಿ ಆಟೋಟಕ್ಕೆ ಹೆಸರು. ಸೂಫಿಗಳ ಬಾಯಲ್ಲಿ ಅದು ಮನಸ್ಸಿನ ದಂಡನೆ. ಹಿಂದೂಸ್ತಾನಿ ಗಾಯಕರ ಮನೆಯಲ್ಲಿ ಅದೇ ಪದ 'ರಿಯಾಜ್' ಆಗಿ ಬೆಳಗಿನ ಸ್ವರಸಾಧನೆಯಾಯಿತು. ಮೈ, ಮನಸ್ಸು, ಕಂಠ ಮೂರನ್ನೂ ಒಂದೇ ಪದ ಪಳಗಿಸುತ್ತದೆ. ಝೂ ಷಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗಾದರೆ ಕಾದಾಟಕ್ಕೆ ಚೀನೀಯರು ಏನನ್ನುತ್ತಿದ್ದರು? 'ವೂ ಶೂ' ಅಂದರೆ ಯುದ್ಧವಿದ್ಯೆ. 'ಚ್ಯುವಾನ್' ಅಂದರೆ ಮುಷ್ಟಿ, ಆ ಹೆಸರಿನ ಪಂಥಗಳು ಹಲವಾರು. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಸರಕಾರವೇ ಕೇಂದ್ರ ಸಂಸ್ಥೆಯೊಂದನ್ನು ತೆರೆದಾಗ ಇಟ್ಟ ಹೆಸರು 'ಗ್ವೋ ಶೂ', ಅಂದರೆ ರಾಷ್ಟ್ರೀಯ ವಿದ್ಯೆ. 1949ರ ನಂತರ ಅಧಿಕೃತವಾಗಿ 'ವೂ ಶೂ' ನಿಂತಿತು. ಈ ಹೆಸರುಗಳಲ್ಲಿ ಕುಂಗ್ ಫೂ ಇಲ್ಲ. ಯುರೋಪಿನವರಿಗೆ ಈ ಪದ ಮೊದಲು ಸಿಕ್ಕಿದ್ದು ಬೀಜಿಂಗಿನಲ್ಲಿದ್ದ ಫ್ರೆಂಚ್ ಪಾದ್ರಿ ಅಮಿಯೋ 1779ರಲ್ಲಿ ಪ್ರಕಟಿಸಿದ ಬರಹದಿಂದ. ಅದರಲ್ಲಿಯೂ ಇದು ತಾವೋ ಪಂಥದ ಸನ್ಯಾಸಿಗಳ ಉಸಿರಾಟದ ಮತ್ತು ಮೈಭಂಗಿಗಳ ಸಾಧನೆಯೇ ಹೊರತು ಹೊಡೆದಾಟವಲ್ಲ. ದಕ್ಷಿಣ ಚೀನದ ಕ್ಯಾಂಟನ್ ಕಡೆಯ ಆಡುಮಾತಿನಲ್ಲಿ ಮಾತ್ರ, ಮುಷ್ಟಿವಿದ್ಯೆ ಕಲಿತವನನ್ನು "ಅವನಿಗೆ ಗೊಂಗ್ ಫು ಇದೆ" ಎನ್ನುವ ರೂಢಿ ಬೆಳೆದಿತ್ತು. ಹಾಂಗ್‌ಕಾಂಗ್ ಆ ಸೀಮೆಗೇ ಸೇರಿದ್ದು. ಅಲ್ಲಿಂದ ಸಿನೆಮಾ ಹೊರಟಿತು. ಬ್ರೂಸ್ ಲೀಯ 'ದ ಬಿಗ್ ಬಾಸ್' 1971ರಲ್ಲಿ, 'ಎಂಟರ್ ದ ಡ್ರಾಗನ್' 1973ರಲ್ಲಿ ತೆರೆಗೆ ಬಂದವು. ಈ ಎರಡನೆಯ ಚಿತ್ರ ಬಿಡುಗಡೆಯಾಗುವ ಮುನ್ನವೇ, 1973ರ ಜುಲೈ 20ರಂದು, ಲೀ ತೀರಿಕೊಂಡಿದ್ದ. ಆದರೆ ಕ್ಯಾಂಟನ್ನಿನ ಬೀದಿಯ ಅರ್ಥವೇ ಜಗತ್ತಿನ ಅರ್ಥವಾಗಿ ಹೋಯಿತು. ಸಾವಿರ ವರ್ಷ ಬದುಕಿದ ಪದವೊಂದು ಎರಡೇ ವರ್ಷಗಳಲ್ಲಿ ಮುಷ್ಟಿಯೊಳಗೆ ಮುದುಡಿತು.

ನಮ್ಮಲ್ಲಿಗೂ ಅದು ಹಾಗೆಯೇ ಬಂತು. 'ಕುಂಗ್ ಫೂ ಕರಾಟೆ' ಎಂದು ಜೋಡಿ ಮಾಡಿಯೇ ಹೇಳುವುದು ವಾಡಿಕೆ. ಕನ್ನಡದ ತೆರೆಯಲ್ಲಿ ಶಂಕರ್ ನಾಗ್ 'ಕರಾಟೆ ಕಿಂಗ್' ಎನಿಸಿಕೊಂಡ ಮೇಲೆ ಊರೂರಿನ ಹುಡುಗರು ಕಾಲೆತ್ತಿ ಗಾಳಿಗೆ ಒದೆಯತೊಡಗಿದರು. ಕರಾಟೆ ಚೀನದ್ದಲ್ಲ, ಒಕಿನಾವಾ ದ್ವೀಪದ್ದು. ಆದರೆ ಆ ಪದದೊಳಗೂ ಒಮ್ಮೆ ಚೀನ ಅಡಗಿತ್ತು. ಮೊದಲಿಗೆ ಅದನ್ನು ಬರೆಯುತ್ತಿದ್ದ ಅಕ್ಷರಗಳ ಅರ್ಥ 'ಚೀನದ ಕೈ'. 1936ರಲ್ಲಿ ನಾಹಾ ಪಟ್ಟಣದಲ್ಲಿ ಗುರುಗಳು ಸೇರಿ, ಉಚ್ಚಾರವನ್ನು ಹಾಗೆಯೇ ಉಳಿಸಿ 'ಬರಿಗೈ' ಎಂಬ ಅರ್ಥದ ಅಕ್ಷರವನ್ನು ಒಪ್ಪಿಕೊಂಡರು. ಜಪಾನು ಚೀನದ ಮೇಲೆ ಪೂರ್ಣಪ್ರಮಾಣದ ಯುದ್ಧಕ್ಕೆ ಇಳಿಯುವ ಒಂದು ವರ್ಷದ ಮುಂಚಿನ ಮಾತಿದು. ಪದಗಳಿಂದ ನೆರೆಯವನ ಗುರುತನ್ನು ಅಳಿಸುವ ಚಾಳಿ ಒಂದು ದೇಶಕ್ಕೆ ಮಾತ್ರ ಸೇರಿದ್ದಲ್ಲ.

ಇದಕ್ಕೆ ಎದುರಾದ ಇನ್ನೊಂದು ಚಾಳಿಯೂ ಇದೆ. ಎಲ್ಲವೂ ನಮ್ಮಿಂದಲೇ ಹೋಯಿತು ಎನ್ನುವುದು. ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮ ಶಾವೊಲಿನ್ ಮಠದ ಸನ್ಯಾಸಿಗಳಿಗೆ ಕುಂಗ್ ಫೂ ಕಲಿಸಿದ ಎಂಬ ಕತೆಯನ್ನು ನಾವು ಭಾಷಣಗಳಲ್ಲಿ ಕೇಳಿದ್ದೇವೆ. 2011ರ ತಮಿಳು ಚಿತ್ರ 'ಏಳಾಮ್ ಅರಿವು' ಅದನ್ನು ಮನೆಮನೆಗೆ ಮುಟ್ಟಿಸಿತು. ಆದರೆ ಬೋಧಿಧರ್ಮನನ್ನು ಹೆಸರಿಸುವ ಅತ್ಯಂತ ಹಳೆಯ ಚೀನೀ ಬರಹ, 547ರ ಸುಮಾರಿನದು, ಅವನನ್ನು ಪಶ್ಚಿಮದಿಂದ ಬಂದ ಪಾರಸೀಕ ಎನ್ನುತ್ತದೆ. ದಕ್ಷಿಣ ಭಾರತದವನು ಎನ್ನುವ ಬರಹವೂ ಹಳೆಯದೇ. ಎರಡರಲ್ಲಿಯೂ ಕಾದಾಟದ ಸೊಲ್ಲಿಲ್ಲ. ಅವನಿಗೂ ವ್ಯಾಯಾಮಕ್ಕೂ ಗಂಟು ಹಾಕಿದ್ದು 1624ರ ಕಾಲಸೂಚನೆಯುಳ್ಳ ಒಂದು ಪುಸ್ತಕ. ಅದು ನಂಬಲು ತಕ್ಕದ್ದಲ್ಲವೆಂದು ಚೀನದವನೇ ಆದ ಇತಿಹಾಸಕಾರ ತಾಂಗ್ ಹಾವೊ 1930ರಲ್ಲಿಯೇ ತೋರಿಸಿಕೊಟ್ಟ. ಶಾವೊಲಿನ್ ಸನ್ಯಾಸಿಗಳು ಆಯುಧ ಹಿಡಿದದ್ದಕ್ಕೆ ಗಟ್ಟಿಯಾದ ಪುರಾವೆ ಇರುವುದು 728ರ ಕಲ್ಬರಹದಲ್ಲಿ. 621ರಲ್ಲಿ ಅವರು ಮುಂದೆ ಚಕ್ರವರ್ತಿಯಾದವನೊಬ್ಬನಿಗೆ ಯುದ್ಧದಲ್ಲಿ ನೆರವಾದದ್ದನ್ನು ಅದು ಹೇಳುತ್ತದೆ. ಅಲ್ಲಿ ಬೋಧಿಧರ್ಮನಿಂದ ಕಲಿತ ಮಾತಿಲ್ಲ.

ನಮ್ಮ ಸೀಮೆಗೂ ಚೀನಕ್ಕೂ ಇರುವ ನಂಟನ್ನು ಕಟ್ಟುಕತೆಯಲ್ಲಿ ಹುಡುಕಬೇಕಾಗಿಯೂ ಇಲ್ಲ. 851ರಲ್ಲಿ ಅರಬಿಯಲ್ಲಿ ಬರೆಯಲಾದ, ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಚೀನ ಮತ್ತು ಹಿಂದ್ ದೇಶಗಳ ವೃತ್ತಾಂತ ಜಗತ್ತಿನ ನಾಲ್ವರು ಮಹಾರಾಜರನ್ನು ಹೆಸರಿಸುತ್ತದೆ: ಅರಬರ ಖಲೀಫ, ಚೀನದ ಚಕ್ರವರ್ತಿ, ರೂಮಿನ ದೊರೆ, ಆಮೇಲೆ 'ಬಲ್ಹರಾ'. ಬಲ್ಹರಾ ಅಂದರೆ ವಲ್ಲಭರಾಜ, ರಾಷ್ಟ್ರಕೂಟರ ಬಿರುದು. 10ನೇ ಶತಮಾನದ ಅಲ್ ಮಸ್‌ಊದಿ ಅವನ ರಾಜಧಾನಿಯನ್ನು 'ಮಾನ್ಕೀರ್' ಎಂದು ಬರೆಯುತ್ತಾನೆ. ಅದೇ ಮಾನ್ಯಖೇಟ, ಕಾಗಿಣಾ ದಂಡೆಯ ಇಂದಿನ ಮಳಖೇಡ, ಸೇಡಂ ತಾಲೂಕು. ಚಿಂಚೋಳಿಯ ನೆರೆಯದು. ಆಗ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. 'ಕವಿರಾಜಮಾರ್ಗ' ಹುಟ್ಟಿದ್ದೂ ಅವನ ಆಸ್ಥಾನದಲ್ಲಿ, ಅದೇ ಕಾಲದಲ್ಲಿ. ಪಾಠ ಹೇಳಿಸಿಕೊಂಡು ಓದದೆಯೂ ಕಾವ್ಯದಲ್ಲಿ ನುರಿತ ಜನ ಎಂದು ಈ ನಾಡಿನವರನ್ನು ಅದು ಮೆಚ್ಚಿ ಹೇಳುವುದನ್ನು ಕನ್ನಡದ ವಿದ್ಯಾರ್ಥಿಗಳೆಲ್ಲ ಬಲ್ಲರು. ಓದಿನ ಹೊರಗೂ ಕಲಿಕೆಯುಂಟು ಎಂಬ ಮಾತು ಕಾಗಿಣಾ ದಂಡೆಗೆ ಹೊಸದಲ್ಲ.

ಇನ್ನು ಮೂರು ಶತಮಾನ ಮುಂದೆ ಬಂದರೆ ಕಲ್ಯಾಣದ ಚಾಲುಕ್ಯರು. ಅಂದರೆ ಇಂದಿನ ಬಸವಕಲ್ಯಾಣ. ಅಲ್ಲಿನ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ 'ಮಲ್ಲವಿನೋದ' ಎಂಬ ಭಾಗವಿದೆ. ಮಲ್ಲರ ದರ್ಜೆಗಳು, ಅವರ ಆಹಾರ, ಪಟ್ಟುಗಳು, ದಿನಚರಿ ಎಲ್ಲವನ್ನೂ ದೊರೆ ಕೂತು ಬರೆಸಿದ್ದಾನೆ. ಮೇಲಿನ ದರ್ಜೆಯವನನ್ನು 'ಜ್ಯೇಷ್ಠಿಕ' ಎಂದು ಕರೆದಿದ್ದಾನೆ. ನಮ್ಮ 'ಜಟ್ಟಿ' ಪದದ ನಂಟು ಇಲ್ಲಿಯದೇ. ಗಮನಿಸಬೇಕಾದ್ದು ವ್ಯಾಯಾಮಗಳ ಹೆಸರು. ಭಾರ ಎತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ, ಕಂಬದ ಮೇಲೆ ಕಸರತ್ತು ಮಾಡುವುದು ಸ್ತಂಭಶ್ರಮ. ಎಲ್ಲವೂ 'ಶ್ರಮ'. ಚೀನೀಯರ 'ಗೊಂಗ್' ಎಂಬ ಅಕ್ಷರವನ್ನು ಕನ್ನಡಕ್ಕೆ ತರಬೇಕೆಂದರೆ ಇದಕ್ಕಿಂತ ಹತ್ತಿರದ ಪದ ಸಿಗುವುದು ಕಷ್ಟ. ಇಲ್ಲಿಂದ ಅಲ್ಲಿಗೂ ಅಲ್ಲಿಂದ ಇಲ್ಲಿಗೂ ಯಾರೂ ಹೊತ್ತುಕೊಂಡು ಹೋಗಿರಲಿಲ್ಲ. ಮೈ ಬಗ್ಗಿಸಿ ದುಡಿದವರು ಎರಡೂ ಕಡೆ ಇದ್ದರು, ಅಷ್ಟೆ.

1347ರಲ್ಲಿ ಗುಲ್ಬರ್ಗದಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು. ಮುಂದೆ ರಾಜಧಾನಿ ಬೀದರಿಗೆ ಹೋಯಿತು. ಇರಾನಿನಿಂದ ಸೈನಿಕರು, ಕವಿಗಳು, ವರ್ತಕರು ಬರತೊಡಗಿದರು. ಬೀದರಿನಲ್ಲಿ 1472ರಲ್ಲಿ ಮದ್ರಸ ಕಟ್ಟಿಸಿದ ಮಹಮೂದ್ ಗವಾನ್ ಗೀಲಾನಿನವನು. ಈ ಹಾದಿಯಲ್ಲಿ ಗರಡಿಯ ಮಾತುಗಳಿಗೆ ಪಾರಸಿಯ ಬಣ್ಣ ಹತ್ತಿತು. 'ಕುಸ್ತಿ' ಪಾರಸಿ. 'ಪೈಲವಾನ' ಪಾರಸಿಯ ಪಹಲವಾನ್, ವೀರ. 'ಡಾವುಪೇಚು' ಎನ್ನುವಲ್ಲಿಯ 'ಪೇಚ್' ಅಂದರೆ ಸುರುಳಿ, ತಿರುವು. ಶಾಲೆಯ ಕವಾಯತಿನಲ್ಲಿ ಉತ್ತರ ಕರ್ನಾಟಕದ ಮಕ್ಕಳು ಝಣಝಣ ಆಡಿಸುವ 'ಲೇಜೀಮು' ಮೂಲತಃ ಇರಾನಿನಲ್ಲಿ ಬಿಲ್ಲುಗಾರರು ತೋಳು ಬಲಿಯಲೆಂದು ಎಳೆಯುತ್ತಿದ್ದ, ಕಬ್ಬಿಣದ ಸರಪಳಿಯ ಅಭ್ಯಾಸದ ಬಿಲ್ಲು. 'ಕಸರತ್ತು' ಅರಬಿ. ಅದರ ಮೂಲಾರ್ಥ 'ಹೆಚ್ಚಳ', 'ಬಹಳ'. ಒಂದೇ ಕೆಲಸವನ್ನು ನೂರು ಸಲ, ಸಾವಿರ ಸಲ ಮಾಡುವುದೇ ಕಸರತ್ತು. ದಂಡ, ಬಸ್ಕಿ ಹೊಡೆದವರಿಗೆ ಈ ವ್ಯುತ್ಪತ್ತಿಯನ್ನು ವಿವರಿಸಬೇಕಾಗಿಲ್ಲ. ಈಗ ಪತ್ರಿಕೆಗಳಲ್ಲಿ 'ಸಚಿವ ಸ್ಥಾನಕ್ಕೆ ಕಸರತ್ತು' ಎಂಬ ಅರ್ಥಕ್ಕೆ ಅದು ಇಳಿದಿದೆ. 'ಹುನರ್', ಅಂದರೆ ಕೈಚಳಕ, ಕನ್ನಡದಲ್ಲಿ 'ಹುನ್ನಾರ'ವಾಗಿ ಒಳಸಂಚಿನ ಅರ್ಥ ಪಡೆದಿರುವುದನ್ನೂ ಇಲ್ಲಿಯೇ ಹೇಳಿಬಿಡಬಹುದು. ಪಳಗಿದ ಕೈಯನ್ನು ಕಂಡರೆ ಜನಕ್ಕೆ ಅನುಮಾನ!

ಇರಾನಿನ ವ್ಯಾಯಾಮ ಶಾಲೆಗೆ 'ಝೂರ್‌ಖಾನೆ', ಬಲದ ಮನೆ, ಎಂದು ಹೆಸರು. 2010ರಲ್ಲಿ ಯುನೆಸ್ಕೊ ಅದರ ಆಚರಣೆಗಳನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಬಾಗಿಲು ಗಿಡ್ಡ, ತಲೆ ಬಗ್ಗಿಸದೆ ಒಳಗೆ ಹೋಗಲಾಗದು. ಮೈಸೂರಿನ ಹಳೆಯ ಗರಡಿ ಮನೆಗಳ ಬಾಗಿಲೂ ಗಿಡ್ಡವೇ. ಅಲ್ಲಿ ಪೈಲವಾನರಿಗೆ ಹಜರತ್ ಅಲಿ ಆದರ್ಶ, ಇಲ್ಲಿ ಗೋಡೆಯ ಗೂಡಿನಲ್ಲಿ ಹನುಮಂತ. ನಮ್ಮ ಕಡೆಯ ತಾಲೀಮಿನ ಹುಡುಗರು ಮೊಹರಮ್ಮಿನಲ್ಲಿ ಅಲಾಯಿ ದೇವರ ಮುಂದೆ ಕೋಲು, ಪಟಾ ತಿರುಗಿಸುತ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಲ್ಲಿಯೂ ಅಲಾಯಿ ಕೂರಿಸುವುದು ಈ ಭಾಗದಲ್ಲಿ ಹೊಸ ಸಂಗತಿಯಲ್ಲ. ಜಾತ್ರೆಯೋ ಉರುಸೋ ಮುಗಿದ ಮೇಲೆ ಕುಸ್ತಿ ಹಚ್ಚುತ್ತಾರೆ. ಮೊದಲಿಗೆ ಸಣ್ಣ ಹುಡುಗರದು, ಗೆದ್ದವನಿಗೆ ತೆಂಗಿನಕಾಯಿ. ಹೊತ್ತು ಇಳಿದಂತೆ ಜೋಡಿಗಳು ದೊಡ್ಡವಾಗುತ್ತವೆ. ಕೊನೆಯ ಕುಸ್ತಿಗೆ ಬೆಳ್ಳಿ ಕಡಗ. ಇಬ್ಬರೂ ಮಣ್ಣು ಮುಟ್ಟಿ 'ಕೈ ಮಿಲಾಯಿಸು'ತ್ತಾರೆ. ಕನ್ನಡದ ಕೈ, ದಖನಿಯ ಮಿಲಾನಾ. ಈ ಸೀಮೆಯ ನುಡಿ ಹೇಗೆ ಹೆಣೆದುಕೊಂಡಿದೆ ಎಂಬುದಕ್ಕೆ ಈ ಕ್ರಿಯಾಪದವೊಂದೇ ಸಾಕು.

'ತಾಲೀಮು' ವ್ಯಾಯಾಮ ಶಾಲೆಗೆ ಹೆಸರಾದದ್ದು ದಖನಿನ ಈ ಮಣ್ಣಿನಲ್ಲಿಯೇ. ಮರಾಠಿಯಲ್ಲಿಯೂ ಅದೇ ಪದ. ಪುಣೆ, ಕೊಲ್ಲಾಪುರದ ಬೀದಿಗಳಲ್ಲಿ 'ತಾಲೀಮ್' ಎಂಬ ಹೆಸರಿನ ಕಟ್ಟಡಗಳಿವೆ. ಹಳೆಯ ಕನ್ನಡ ಪದ 'ಗರಡಿ' ಮೈಸೂರು ಕಡೆ ಗಟ್ಟಿಯಾಗಿ ನಿಂತಿತು. ಅಲ್ಲಿ ಕೂಡ ಗರಡಿಯಲ್ಲಿ ಕಲಿಸುವವನು ಮಾತ್ರ 'ವಸ್ತಾದ್'. ಆ ವಸ್ತಾದರಲ್ಲಿ ಬಹುಪಾಲು ಹಿಂದೂಗಳು.

ನಿಜಾಮರ ಆಡಳಿತದಲ್ಲಿ ಈ ಪದಕ್ಕೆ ಇನ್ನೊಂದು ಮುಖವೂ ಇತ್ತು. 1880ರ ದಶಕದಲ್ಲಿ ಪಾರಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. ಶಿಕ್ಷಣ ಇಲಾಖೆಯ ಹೆಸರು 'ತಾಲೀಮಾತ್', ಅದರ ಮುಖ್ಯಸ್ಥ 'ನಾಝಿಮ್ ತಾಲೀಮಾತ್'. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ವೈದ್ಯಕೀಯವನ್ನೂ ಉರ್ದುವಿನಲ್ಲಿಯೇ ಕಲಿಸಿತು. ದೇಶಭಾಷೆಯೊಂದರಲ್ಲಿ ಅಂಥ ಪ್ರಯತ್ನ ನಡೆದದ್ದು ದೊಡ್ಡ ಮಾತೇ. ಆದರೆ ಮುಲ್ಲಾಮಾರಿ ದಂಡೆಯ ಕನ್ನಡ ಹುಡುಗನಿಗೆ, ಕುಂಚಾವರಂ ಗುಡ್ಡದ ತಾಂಡಾದ ಮಗುವಿಗೆ ಅದು ಯಾವ ದೇಶದ ಭಾಷೆ? ಅವರ ಊರಿಗೆ ಶಾಲೆ ಬಂದಿದ್ದರಲ್ಲವೇ ಆ ಪ್ರಶ್ನೆ! ತಾಲೀಮು ಎಂಬ ಪದ ಹಳ್ಳಿಯವರ ಕಿವಿಗೆ ಬಿದ್ದದ್ದು ಇಲಾಖೆಯ ಕಾಗದದಿಂದಲ್ಲ, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿದ ಮಣ್ಣಿನ ಕುಣಿಯಿಂದ ಎಂದು ನನಗನ್ನಿಸುತ್ತದೆ. ಶಾಲೆಯ ತಾಲೀಮು ಕೈಗೆ ಎಟುಕದಿದ್ದವರು ಮಣ್ಣಿನ ತಾಲೀಮನ್ನು ತಮ್ಮದಾಗಿಸಿಕೊಂಡರು.

ಎಲ್ಲ ಕಾಲಕ್ಕೂ ಅಲ್ಲಿ ಸೌಹಾರ್ದವೇ ತುಂಬಿ ತುಳುಕುತ್ತಿತ್ತು ಎಂದರೆ ಇತಿಹಾಸಕ್ಕೆ ಅಪಚಾರ. 1930ರ ದಶಕದ ಕೊನೆಗೆ ಹೈದರಾಬಾದ್ ಸಂಸ್ಥಾನದಲ್ಲಿ ವ್ಯಾಯಾಮ ಶಾಲೆಗಳೂ ರಾಜಕೀಯದ ಕಣಗಳಾದವು. ಆರ್ಯಸಮಾಜ ಅಖಾಡಗಳನ್ನು ಕಟ್ಟಿತು. ಸರಕಾರ ಅವುಗಳ ಮೇಲೆ ಕಣ್ಣಿಟ್ಟಿತು. ಮುಂದೆ ಕಾಸಿಮ್ ರಜ್ವಿಯ ರಜಾಕಾರರು ಕವಾಯತು ಮಾಡುತ್ತ ಬೀದಿಗಿಳಿದರು. ಊರುಗಳು ನಲುಗಿದವು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂದು ಸಂಸ್ಥಾನ ಒಕ್ಕೂಟಕ್ಕೆ ಸೇರಿತು. ಅದರ ಬೆನ್ನಿಗೇ ನಡೆದ ಸೇಡಿನ ಹಿಂಸೆಯಲ್ಲಿ ರಜಾಕಾರರಿಗೆ ಯಾವ ಸಂಬಂಧವೂ ಇಲ್ಲದ ಮುಸ್ಲಿಮರು ಸತ್ತರು. ಪಂಡಿತ್ ಸುಂದರಲಾಲ್ ಮತ್ತು 'ಕಾಝಿ ಅಬ್ದುಲ್ ಗಫಾರ್' ಅವರ ತಂಡದ ವರದಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ, ಬೀದರ್‌ಗಳ ಜೊತೆ ಗುಲ್ಬರ್ಗವನ್ನೂ ಹೆಸರಿಸುತ್ತದೆ. ಆ ವರದಿ ಸಾರ್ವಜನಿಕರ ಓದಿಗೆ ಸಿಕ್ಕಿದ್ದು 2013ರ ಹೊತ್ತಿಗೆ. ಇಷ್ಟೆಲ್ಲ ಆದ ಮೇಲೂ ಈ ಸೀಮೆಯ ಹಿಂದೂ ಹುಡುಗರು ತಾವು ಹೋಗುವ ಜಾಗಕ್ಕೆ ತಾಲೀಮು ಎಂದೇ ಕರೆದರು. ಕಲಿಸುವವನನ್ನು ಉಸ್ತಾದ ಎಂದೇ ಕರೆದರು. ಯಾರೂ ಠರಾವು ಮಾಡಿ ಉಳಿಸಿದ ಪದಗಳಲ್ಲ ಇವು.

ಉಸ್ತಾದ್ ಪದದ ಬಗ್ಗೆ ಒಂದಿಷ್ಟು ಹೆಚ್ಚು ಹೇಳಬೇಕು. ಮಂಗಳೂರು, ಉಡುಪಿ ಕಡೆಯ ಓದುಗರಿಗೆ ಉಸ್ತಾದ್ ಎಂದರೆ ಮದ್ರಸದಲ್ಲಿ ಕಲಿಸುವವರು. ಬೇರೆ ಅರ್ಥ ಅವರಿಗೆ ಹೊಳೆಯುವುದೇ ಇಲ್ಲ. ಸಂಗೀತದವರಿಗೆ ಉಸ್ತಾದ್ ಎಂದರೆ ಖಾನ್ ಸಾಹೇಬರು. ನಮ್ಮ ಕಡೆ ಕುಸ್ತಿ ಕಲಿಸುವವನು ಉಸ್ತಾದ, ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚುವವನು ಉಸ್ತಾದ, ಲಾರಿ ಓಡಿಸುವವನು ಕ್ಲೀನರನಿಗೆ ಉಸ್ತಾದ. (ಕಟ್ಟಡದವನು ಮಾತ್ರ 'ಮೇಸ್ತ್ರಿ'. ಅದು ಪೋರ್ಚುಗೀಸರ 'ಮೆಸ್ತ್ರೆ', ಅರ್ಥ ಮತ್ತೆ ಗುರುವೇ.) ಚೀನೀ ಭಾಷೆಯಲ್ಲಿ ಇದಕ್ಕೆ ಸರಿಸಾಟಿಯಾದ ಪದ 'ಶಿಫು'. ಕ್ಯಾಂಟನ್ ಕಡೆ 'ಸಿಫು'. ಕುಂಗ್ ಫೂ ಚಿತ್ರಗಳಲ್ಲಿ ಶಿಷ್ಯ ಗುರುವಿಗೆ ಅಡ್ಡಬೀಳುವಾಗ ಕೇಳಿಬರುವ ಪದ ಇದೇ. ಬರೆಯುವಾಗ ಅದಕ್ಕೆ ಎರಡು ರೂಪ. ಒಂದರಲ್ಲಿ 'ಗುರು' ಮತ್ತು 'ತಂದೆ' ಎಂಬ ಅಕ್ಷರಗಳು. ಮಠದ ಸನ್ಯಾಸಿಗೆ, ವಿದ್ಯೆಯ ಗುರುವಿಗೆ ಅದು ಸಲ್ಲುತ್ತದೆ. ಇನ್ನೊಂದು ರೂಪ ಕಸುಬುದಾರನಿಗೆ: ಅಡುಗೆಯವನು, ಬಡಗಿ, ಕಾರ್ಖಾನೆಯ ಹಿರಿಯ ಕೆಲಸಗಾರ, ಗಾಡಿ ಓಡಿಸುವವನು. ಕಿವಿಗೆ ಎರಡೂ ಒಂದೇ. ಮದ್ರಸದ ಉಸ್ತಾದರೂ ಲಾರಿಯ ಉಸ್ತಾದನೂ ನಮ್ಮಲ್ಲಿ ಒಂದೇ ಪದದಲ್ಲಿ ಕುಳಿತಿರುವಂತೆ.

ಈ ಹೋಲಿಕೆ ಬರಿಯ ಕಾಕತಾಳೀಯವಿರಬಹುದು. ಆದರೆ ಚೀನದ ಮುಸ್ಲಿಮರ ವಿಷಯಕ್ಕೆ ಬಂದರೆ ಕಾಕತಾಳೀಯಕ್ಕಿಂತ ಹೆಚ್ಚಿನದು ಸಿಗುತ್ತದೆ. ಹುಯೀ ಎಂದು ಕರೆಯಲ್ಪಡುವ ಈ ಜನರು ತಮ್ಮ ಮಸೀದಿಯ ಇಮಾಮರನ್ನು 'ಆಹೋಂಗ್' ಎನ್ನುತ್ತಾರೆ. ಅದು ಪಾರಸಿಯ 'ಆಖುಂದ್', ಅಂದರೆ ಕಲಿಸುವವನು. ದಖನಿಗೆ ಉಸ್ತಾದನನ್ನು ಕಳಿಸಿದ ಪಾರಸಿ ಭಾಷೆಯೇ ಅತ್ತ ಚೀನಕ್ಕೆ ಆಖುಂದನನ್ನು ಕಳಿಸಿತು. ಮುಷ್ಟಿವಿದ್ಯೆಯಲ್ಲಿ ಹುಯೀ ಜನರ ಪಾಲು ಸಣ್ಣದಲ್ಲ. ಹೆಬೈ ಪ್ರಾಂತದ ಮೆಂಗ್‌ಚುನ್ ಎಂಬ ಹುಯೀ ಸೀಮೆ 'ಬಾಜಿ ಚ್ಯುವಾನ್' ಪಂಥದ ತವರು. 'ಚಾ ಚ್ಯುವಾನ್' ಕೂಡ ಅವರಲ್ಲಿಯೇ ಬೆಳೆದದ್ದು. ಒದೆತದ ವಿದ್ಯೆಯೊಂದರ ಹೆಸರಿನಲ್ಲಿಯೇ 'ಜಿಯಾವೊಮೆನ್' ಎಂಬ ಪದವಿದೆ. ಅದು ಮುಸ್ಲಿಮರನ್ನು ಸೂಚಿಸುವ ಹಳೆಯ ಚೀನೀ ಮಾತು. ಈ ಸಮುದಾಯದ ವಾಂಗ್ ಝಿಪಿಂಗ್ (1881-1973) ಕುಸ್ತಿಯಲ್ಲಿಯೂ ಮುಷ್ಟಿವಿದ್ಯೆಯಲ್ಲಿಯೂ ಹೆಸರಾದವರು. ಮೇಲೆ ಹೇಳಿದ 1928ರ ನಾನ್‌ಜಿಂಗ್ ಸಂಸ್ಥೆಯಲ್ಲಿ ಶಾವೊಲಿನ್ ವಿಭಾಗದ ಮುಖ್ಯಸ್ಥರಾದದ್ದು ಇವರೇ. ಬೌದ್ಧ ಮಠದ ಹೆಸರಿನ ವಿಭಾಗಕ್ಕೆ ಮುಸ್ಲಿಮ್ ಉಸ್ತಾದ! 1960ರಲ್ಲಿ ಪ್ರಧಾನಿ ಝೌ ಎನ್‌ಲಾಯ್ ಬರ್ಮಾಕ್ಕೆ ಹೋದಾಗ ಎಂಬತ್ತರ ಹತ್ತಿರದ ಈ ಹಿರಿಯರೂ ವೂ ಶೂ ತಂಡದ ಜೊತೆಗಿದ್ದರು. ಮೈಸೂರಿನ ಗರಡಿಯ 'ವಸ್ತಾದ್' ಪದವನ್ನು ಬಲ್ಲ ನಮಗೆ ಇದು ವಿಚಿತ್ರವಾಗಿ ಕಾಣಬಾರದು.

ಕುಂಗ್ ಫೂ ಪದ ಜಗತ್ತಿನ ಬಾಯಲ್ಲಿ ಕಿರಿದಾದರೂ ಚೀನೀಯರ ಮನೆಯಲ್ಲಿ ಅದರ ಹಿರಿಯ ಅರ್ಥ ಸತ್ತಿಲ್ಲ. ತಾಲೀಮಿನ ಗತಿ ಹಾಗಲ್ಲ. ಉರ್ದುವಿನಲ್ಲಿ ಅದು ಪುಸ್ತಕಕ್ಕೆ ಅಂಟಿಕೊಂಡಿತು, 'ತಾಲೀಮ್‌ಯಾಫ್ತಾ' ಎಂದರೆ ಡಿಗ್ರಿ ಇರುವವನು. ಕನ್ನಡದಲ್ಲಿ ಅದು ಕುಸ್ತಿ ಮತ್ತು ನಾಟಕದಲ್ಲಿ ಉಳಿಯಿತು. ಎರಡನ್ನೂ ಬೆಸೆಯಲು ಒಂದು ದೊಡ್ಡ ಪ್ರಯತ್ನ ನಡೆದಿತ್ತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನದ ನಂತರ ಪಠ್ಯಕ್ರಮ ರೂಪಿಸಿದ ಸಮಿತಿಗೆ ಅಧ್ಯಕ್ಷರಾದವರು ಹೈದರಾಬಾದಿನಲ್ಲಿ ಹುಟ್ಟಿದ ಝಾಕಿರ್ ಹುಸೇನ್. ನೂಲು, ಮರ, ಮಣ್ಣಿನ ಕೆಲಸದ ಮೂಲಕವೇ ಗಣಿತ, ಭಾಷೆ ಕಲಿಸುವ ಆ ಯೋಜನೆಗೆ ಇಟ್ಟ ಹೆಸರು 'ನಯೀ ತಾಲೀಮ್'. ಹೊಸದೆಂದರು, ಆದರೆ ಕೈಯಿಂದ ಕಲಿಯುವ ಆ ಅರ್ಥ ದಖನಿನ ಮಣ್ಣಿನಲ್ಲಿ ಮೊದಲೇ ಬೇರೂರಿತ್ತು. ಸ್ವಾತಂತ್ರ್ಯಾನಂತರದ ಶಾಲೆಗಳು ಅದನ್ನು ಕೈಬಿಟ್ಟವು.

ಇದರಿಂದ ನಷ್ಟವಾದದ್ದು ಬರಿಯ ಪದಕ್ಕಲ್ಲ. 2002ರ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21ನ್ನು ಗುಲ್ಬರ್ಗ ವಿಭಾಗದಲ್ಲಿಯೇ ಕಂಡಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75 ದಾಟಿದ್ದರೆ ನಮ್ಮ ಜಿಲ್ಲೆಯದು 65ರ ಆಸುಪಾಸು. 371-ಜೆ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂತು. ಶಾಲೆ, ಮೇಷ್ಟ್ರು, ಪುಸ್ತಕ ಇವು ಬೇಕೇ ಬೇಕು. ಅದರಲ್ಲಿ ಎರಡು ಮಾತಿಲ್ಲ. ಅಖಾಡದ ಹೊಗಳಿಕೆಯನ್ನು ಶಾಲೆಯ ಕೊರತೆಗೆ ನೆಪ ಮಾಡಿಕೊಳ್ಳುವವರನ್ನು ದೂರವೇ ಇಡಬೇಕು. ಆದರೆ ಶಹಾಬಾದಿನ ಪರಸಿ ಕಲ್ಲನ್ನು ಒಂದೇ ಏಟಿಗೆ ಗೆರೆ ಹಿಡಿದು ಸೀಳುವವನು, ಹೈದರಾಬಾದು, ಮುಂಬೈ, ಪುಣೆಗಳಿಗೆ ಗುಳೆ ಹೋಗಿ ಗಗನಚುಂಬಿ ಕಟ್ಟಡಗಳ ಸಲಾಕೆ ಕಟ್ಟುವವನು, ಇವರೆಲ್ಲ ಗಣತಿಯ ಕಾಗದದಲ್ಲಿ 'ಕಲಿಯದವರು'. ಅವರ ಪಳಗಿದ ಕೈಗೆ ಅಲ್ಲಿ ಕಾಲಮ್ಮಿಲ್ಲ. ಕೂಲಿ ನಿಗದಿ ಮಾಡುವಾಗಲೂ ಬ್ಯಾಂಕಿನ ಸಾಲದ ಅರ್ಜಿ ನೋಡುವಾಗಲೂ ಆ ಖಾಲಿ ಜಾಗವೇ ಮಾತಾಡುತ್ತದೆ. ತಾಲೀಮು ಎಂಬ ಪದದಲ್ಲಿ ಶಾಲೆಯೂ ಮಣ್ಣೂ ಒಟ್ಟಿಗಿದ್ದ ಕಾಲದ ಭಾಷೆಗೆ ಇವರನ್ನು ಕರೆಯಲು ಹೆಸರಿತ್ತು.

ಈಗ ಪಂದ್ಯಗಳಿಗೆ ಮಣ್ಣಿನ ಬದಲು ಮ್ಯಾಟ್ ಬಂದಿದೆ. ಅಲ್ಲಿ ಕಲಿಸುವವರು 'ಕೋಚ್'. ಪಟ್ಟಣಗಳಲ್ಲಿ ಜಿಮ್‌ಗಳಾಗಿವೆ, ಅಲ್ಲಿ 'ಟ್ರೇನರ್' ಇದ್ದಾರೆ. ಕೆಲವೆಡೆ ಮಕ್ಕಳಿಗೆ 'ಕುಂಗ್ ಫೂ ಕ್ಲಾಸ್' ಎಂಬ ಫಲಕವೂ ತೂಗುತ್ತದೆ. ಒಳಗೆ ಕಲಿಸುತ್ತಿರುವುದು ಬಹಳ ಸಲ ಕರಾಟೆ. ತಾಂಡೂರಿನ ರಸ್ತೆಯಲ್ಲಿ ಮಾತ್ರ ಕಲ್ಲು ಹೇರಿದ ಲಾರಿ ಹಿಂದೆ ಸರಿಯುವಾಗ ಕ್ಲೀನರ್ ಹುಡುಗ ಪಕ್ಕದ ತಗಡಿಗೆ ಬಡಿದು "ಆನೆ ದೋ ಉಸ್ತಾದ್, ಬರ್ಲಿ ಬರ್ಲಿ" ಎಂದು ಎರಡೂ ಭಾಷೆಯಲ್ಲಿ ಕೂಗುತ್ತಾನೆ. ಗ್ವಾಂಗ್‌ಝೌ ಪಟ್ಟಣದಲ್ಲಿ ಟ್ಯಾಕ್ಸಿ ಹತ್ತಿದವರು ಚಾಲಕನನ್ನು ಇಂದಿಗೂ 'ಶಿಫು' ಎಂದೇ ಮಾತಾಡಿಸುತ್ತಾರೆ.